ಇಂಜಿನ್ ಹಾಕುವ ಮುಂಚಿನ ಮಾತು

ಎದುರಿಗೆ ಎಲ್ಲರೂ ಅವಳನ್ನು ಗೈಡಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅವಳ ಹೆಸರು ಖಾರದಪುಡಿ. ದೋಣಿ ಕಟ್ಟುವ ಜೆಟ್ಟಿಯ ಮೇಲೆ ನಿಂತು ಅವಳು ಪ್ರವಾಸಿಗರಿಗೆ ಮಾಡುತ್ತಿದ್ದ ಸ್ವಾಗತ ಭಾಷಣವನ್ನು ಒಂದು ಸಲ ಕೇಳಿದವರಿಗೆ ಎರಡನೆಯ ಹೆಸರೇ ಸರಿ ಅನ್ನಿಸುತ್ತಿತ್ತು.

"ಹವಳ ಅಂದ್ರೆ ಕಲ್ಲಲ್ಲ, ಜೀವ ಇರೋದು. ಅದರ ಮೇಲೆ ಕಾಲಿಟ್ಟೋರಿಗೆ ಎರಡನೇ ಡೈವ್ ಇಲ್ಲ, ದೋಣೀಲಿ ಕೂತು ಬಿಸ್ಕತ್ತು ತಿನ್ನಿ. ಆಮೆ ಕಂಡ್ರೆ ಬೆನ್ನಟ್ಟಬೇಡಿ, ಅದು ನಿಮ್ಮನ್ನ ನೋಡೋಕೆ ಟಿಕೆಟ್ ತಗೊಂಡಿಲ್ಲ. ನೀರೊಳಗೆ ಫೋಟೋ ಹೊಡ್ಕೊಳ್ಳೋರು ಮೊದಲು ಉಸಿರಾಡೋದು ಕಲೀರಿ."

ಪ್ರವಾಸಿಗರು ತಮಾಷೆ ಎಂದುಕೊಂಡು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಅವರ ಡೈವಿಂಗ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಳಿ ತುಂಬುವ ಯಂತ್ರ ಶುರುವಾಗುತ್ತಿತ್ತು. ಅದರ ಆರ್ಭಟಕ್ಕೆ ಬೀದಿನಾಯಿಗಳು ಗೊಣಗಿಕೊಂಡು ಎದ್ದು ಪಕ್ಕದ ಬೀದಿಗೆ ಹೋಗಿ ಮಲಗುತ್ತಿದ್ದವು. ಹದಿನೆಂಟು ಸಿಲಿಂಡರಿಗೆ ಗಾಳಿ ತುಂಬಿಸಿ, ಒಂದೊಂದರ ಬಾಯಿಗೂ ಮೂಗು ಹಿಡಿದು ಎಣ್ಣೆಯ ವಾಸನೆ ಬರುತ್ತದೆಯೇ ಎಂದು ಮೂಸಿ ನೋಡಿ, ಕೈಗಾಡಿಯಲ್ಲಿ ಜೆಟ್ಟಿಗೆ ತಳ್ಳಿಕೊಂಡು ಹೋಗುವುದು ಅವಳ ಕೆಲಸ. ಎಂಟೂವರೆಗೆ ದೋಣಿ ಬಿಡುತ್ತಿತ್ತು. ಮುಕ್ಕಾಲು ಗಂಟೆ ಹೋದರೆ ಸಾಗರ ಉದ್ಯಾನ. ಎಲ್ಲರ ಬಾಯಲ್ಲೂ ಅದು ಬರೀ ಪಾರ್ಕು. ಪಾರ್ಕಿನೊಳಗೆ ಲಂಗರು ಹಾಕುವಂತಿಲ್ಲ. ಹವಳ ಒಡೆಯುತ್ತದೆಂದು ಅಲ್ಲಿಯವರೇ ಕಿತ್ತಳೆ ಬಣ್ಣದ ಪೀಪಾಯಿಗಳನ್ನು ತೇಲಿಬಿಟ್ಟು, ಒಂದೊಂದನ್ನೂ ಸಮುದ್ರದ ತಳಕ್ಕೆ ದಪ್ಪ ಹಗ್ಗದಿಂದ ಬಿಗಿದಿದ್ದರು. ದೋಣಿಯನ್ನು ಆ ಪೀಪಾಯಿಗೆ ಕಟ್ಟಬೇಕು. ಬೆಳಿಗ್ಗೆ ಒಂದು ಡೈವ್, ಊಟವಾದ ಮೇಲೆ ಇನ್ನೊಂದು, ಮೂರೂವರೆಗೆ ವಾಪಸ್ಸು.

ದೋಣಿಯಲ್ಲಿ ಕೆಲಸದವರು ಮೂವರೇ. ನೀರಿಗಿಳಿಯುವವಳು ಗೈಡಕ್ಕ. ದೋಣಿ ಓಡಿಸುವವನು ಅವಳ ಮೈದುನ, ಗಂಡನ ಬೆನ್ನಿಗೆ ಬಿದ್ದ ತಮ್ಮ. ಹಗ್ಗ, ಏಣಿ, ಟೀ, ಬಿಸ್ಕತ್ತು, ವಾಂತಿ ಮಾಡುವವರ ಬಕೆಟ್ಟು, ಇಷ್ಟನ್ನು ನೋಡಿಕೊಳ್ಳಲು ಅರವತ್ತೈದು ದಾಟಿದ ಒಬ್ಬ ಮುದುಕ. ಅವನನ್ನು ಹಗ್ಗದಜ್ಜ ಎನ್ನುತ್ತಿದ್ದರು. ಅಜ್ಜನಿಗೆ ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಸಂಬಳವಿರಲಿಲ್ಲ. ಅತ್ತಿಗೆಯ ಮಾತನ್ನು ಮೈದುನನಿಗೂ ಮೈದುನನ ಮಾತನ್ನು ಅತ್ತಿಗೆಗೂ ಮುಟ್ಟಿಸುವುದು. ಏಕೆಂದರೆ ಅವರಿಬ್ಬರ ನಡುವೆ ಮಾತು ನಿಂತು ಎಂಟು ವರ್ಷವಾಗಿತ್ತು. ಒಂದೇ ಮನೆ, ಒಂದೇ ದೋಣಿ, ಒಂದೇ ಟೀ ಕೆಟಲ್ಲು, ಮಾತು ಮಾತ್ರ ಇಲ್ಲ.

"ಅಜ್ಜಾ, ದೋಣಿ ಇನ್ನೊಂಚೂರು ಎಡಕ್ಕೆ ತಗೋ ಅಂತ ಡ್ರೈವರಿಗೆ ಹೇಳಿ," ಎನ್ನುತ್ತಿದ್ದಳು ಅವಳು, ಡ್ರೈವರನ ಕಿವಿಯಿಂದ ಒಂದು ಮೊಳ ದೂರದಲ್ಲಿ ನಿಂತು.

"ಎಡಕ್ಕಂತಪ್ಪಾ," ಎನ್ನುತ್ತಿದ್ದ ಅಜ್ಜ.

"ಎಡಕ್ಕೆ ಬಂಡೆ ಇದೆ ಅಂತ ಹೇಳಿ ಅಜ್ಜಾ."

"ಬಂಡೆ ಇದೆಯಂತಮ್ಮಾ."

"ಬಂಡೆ ಇರೋದು ಬಲಕ್ಕೆ. ಮುಖದ ಮೇಲೆ ಕಣ್ಣಿದ್ರೆ ಕಾಣುತ್ತೆ ಅಂತ ಹೇಳಿ."

ಇಂಥದ್ದನ್ನು ಅಜ್ಜ ಅರ್ಧ ನುಂಗಿ ಅರ್ಧ ಮುಟ್ಟಿಸುತ್ತಿದ್ದ. "ನಾನು ಟಪಾಲು ಕೊಡೋನು ತಾಯಿ, ಬಾಂಬ್ ಸಾಗಿಸೋನಲ್ಲ," ಎನ್ನುತ್ತಿದ್ದ.

ಪಾರ್ಕಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಒಂದು ನಿಯಮವಿತ್ತು. ಪ್ರತಿ ದೋಣಿಯಲ್ಲೂ ಒಂದು ಹಲಗೆ, ಅದರ ಅರ್ಧ ಕೆಂಪು, ಅರ್ಧ ಬಿಳಿ, ಎರಡೂ ಕಡೆ ಸಾಲಾಗಿ ಮೊಳೆ. ನೀರಿಗಿಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಕೆಂಪಿನ ಕಡೆಗೆ ಹಾಕಬೇಕು, ಹತ್ತಿ ಬಂದವನು ಬಿಳಿಯ ಕಡೆಗೆ, ಅವರವರದ್ದು ಅವರವರೇ. ಗೈಡು ಎಲ್ಲರಿಗಿಂತ ಕೊನೆಗೆ ನೀರಿನಿಂದ ಏಳಬೇಕು. ಎದ್ದವನು ತಲೆ ಎಣಿಸಿ ಎಷ್ಟು ಜನ ಎಂದು ಗಟ್ಟಿಯಾಗಿ ಹೇಳಬೇಕು. ಡ್ರೈವರು ಅದೇ ಸಂಖ್ಯೆಯನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಎರಡು ಬಾಯಿಂದ ಒಂದೇ ಸಂಖ್ಯೆ ಬಂದ ಮೇಲೆಯೇ ಇಂಜಿನ್. ಈ ದೋಣಿಯಲ್ಲಿ ಮಾತ್ರ ಅದು ಮೂರು ಬಾಯಿ ದಾಟುತ್ತಿತ್ತು. "ಅಜ್ಜಾ, ಎಂಟು," ಎಂದು ಅವಳು. "ಎಂಟಂತಪ್ಪಾ," ಎಂದು ಅಜ್ಜ. "ಎಂಟು," ಎಂದು ಅವನು. ನೋಡುವವರಿಗೆ ಭಾರೀ ಶಿಸ್ತಿನ ದೋಣಿ ಅನ್ನಿಸುತ್ತಿತ್ತು.

ದ್ವೇಷಕ್ಕೆ ಕಾರಣ ಇಲ್ಲದಿರಲಿಲ್ಲ. ಎಂಟು ವರ್ಷದ ಹಿಂದೆ ಗೈಡಾಗಿದ್ದವನು ಅವಳ ಗಂಡ. ಅವಳು ಶೆಡ್ಡಿನಲ್ಲಿ ಸಿಲಿಂಡರ್ ತುಂಬಿಕೊಂಡು ದಡದಲ್ಲೇ ಇರುತ್ತಿದ್ದಳು. ಒಂದು ದಿನ ಪೀಪಾಯಿ ಒಂದೂ ಖಾಲಿಯಿರಲಿಲ್ಲ. ಕಾಯುವ ವ್ಯವಧಾನವಿಲ್ಲದ ಮೈದುನ ಹವಳದ ಮೇಲೆಯೇ ಲಂಗರು ಇಳಿಸಿದ. ಹೊರಡುವ ಹೊತ್ತಿಗೆ ಲಂಗರು ಸಿಕ್ಕಿಕೊಂಡಿತ್ತು, ದೂರದಲ್ಲಿ ಪಾರ್ಕಿನ ಕಾವಲು ದೋಣಿ ಕಾಣುತ್ತಿತ್ತು. "ಅಣ್ಣಾ, ಒಂದೇ ಒಂದ್ಸಲ ಇಳಿದು ಬಿಡಿಸಿಬಿಡು, ಸಿಕ್ಕಿಬಿದ್ರೆ ನನ್ನ ಡ್ರೈವರ್ ಕಾರ್ಡು ಹೋಗುತ್ತೆ," ಎಂದು ಗೋಗರೆದ. ಅಣ್ಣ ಆ ದಿನ ಆಗಲೇ ಮೂರು ಸಲ ಇಳಿದಿದ್ದ. ನಾಲ್ಕನೆಯ ಸಲ ಇಳಿಯಬಾರದೆಂದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇಳಿದ. ಆಳದಲ್ಲಿ ಹೆಣಗಾಡಿ ಬಿಡಿಸಿದ. ಸಿಲಿಂಡರಿನಲ್ಲಿ ಗಾಳಿ ಮುಗಿಯಿತೆಂದು ಮೇಲಕ್ಕೆ ಒಂದೇ ಉಸಿರಿಗೆ ಬಂದ. ದೋಣಿ ಹತ್ತಿ ಟವೆಲ್ ಕೇಳಿದ. ಟವೆಲ್ ಕೊಡುವಷ್ಟರಲ್ಲಿ ಅವನ ಕಾಲು ಅವನದಾಗಿರಲಿಲ್ಲ. ಹಾಗೆ ನಡುವೆ ತಂಗದೆ ಎದ್ದವರ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದೆ. ಅಂಥವರನ್ನು ಒಳಗೆ ಕೂರಿಸಿ ಗಾಳಿಯ ಒತ್ತಡದಿಂದ ಸರಿಪಡಿಸುವ ಕೋಣೆ ಇದ್ದ ಆಸ್ಪತ್ರೆಗೆ ಒಂಬತ್ತು ಗಂಟೆಯ ದಾರಿ.

ಈಗ ಅವನು ಅಂಗಡಿಯ ಮುಂಗೋಣೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು, ಎದೆಯೆತ್ತರದ ಮೇಜಿನ ಮೇಲೆ ನೀರಿನೊಳಗೆ ಉಸಿರಾಡುವ ರೆಗ್ಯುಲೇಟರುಗಳನ್ನು ಬಿಚ್ಚಿ ರಬ್ಬರ್ ಉಂಗುರ ಬದಲಿಸುತ್ತಾನೆ. ಒಳ್ಳೆಯ ಮನುಷ್ಯ. ಅವಳ ಮಟ್ಟಿಗೆ ಅದೇ ಅವನ ದೊಡ್ಡ ದೋಷ. ತಮ್ಮನನ್ನು ಆಸ್ಪತ್ರೆಯ ಮಂಚದ ಮೇಲಿಂದಲೇ ಕ್ಷಮಿಸಿಬಿಟ್ಟಿದ್ದ.

"ನಾನೇ ಬಿಟ್ಟುಬಿಟ್ಟೆ. ನಿಂಗೇನು ಕಷ್ಟ?" ಎಂದು ಒಮ್ಮೆ ಕೇಳಿದ್ದ.

"ನಿಮ್ಮ ಕಾಲು ನಿಮ್ಮದು, ಕ್ಷಮಿಸ್ಕೊಳ್ಳಿ. ನನ್ನ ಸಿಟ್ಟು ನನ್ನದು," ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಆಮೇಲೆ ಅವನು ಆ ವಿಷಯ ಎತ್ತಲಿಲ್ಲ.

ಮನೆ ನಡೆಯಬೇಕಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಅವಳು ಡೈವಿಂಗ್ ಕಲಿತು, ಪರೀಕ್ಷೆ ಬರೆದು, ಗೈಡಿನ ಕಾರ್ಡು ಪಡೆದಳು. ಗಂಡನ ಜಾಗ ತುಂಬಲೆಂದು ಹೋದವಳಿಗೆ ಅಲ್ಲಿ ಯಾರಿಗೂ ಹೇಳದ ಒಂದು ಸುಖ ಸಿಕ್ಕಿತು. ನೀರಿನೊಳಗೆ ಮಾತಿಲ್ಲ. ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ, ಬರೀ ಕೈಸನ್ನೆ. ಐದಾರು ಆಳುದ್ದ ಕೆಳಗೆ ಇಳಿಯುತ್ತಲೇ ಎದೆಯಲ್ಲಿ ಕುದಿಯುತ್ತಿದ್ದುದು ತಣ್ಣಗಾಗುತ್ತಿತ್ತು. ಹವಳದ ಸಂದಿಯಲ್ಲಿ ಮುಖ ಹಾಕಿದ ಹಾವುಮೀನನ್ನು ನೋಡುತ್ತಾ ಅವಳು ಗಂಡನನ್ನೂ ಮೈದುನನನ್ನೂ ತನ್ನನ್ನೂ ಮರೆಯುತ್ತಿದ್ದಳು. ಏಣಿ ಹತ್ತಿ ಬಂದು, ಚಕ್ರ ಹಿಡಿದು ಕೂತ ಅವನ ಬೆನ್ನು ಕಂಡರೆ ಸಾಕು, ಮತ್ತೆ ಹೊಟ್ಟೆಗೆ ಬೆಂಕಿ. ದಿನಕ್ಕೆ ಎರಡು ಸಲ, ಮುಕ್ಕಾಲು ಮುಕ್ಕಾಲು ಗಂಟೆ, ಅಷ್ಟೇ ಅವಳಿಗೆ ದಕ್ಕುತ್ತಿದ್ದ ನೆಮ್ಮದಿ. ಗೈಡಿನ ಕಾರ್ಡು ಇರುವವರೆಗೆ ಮಾತ್ರ ಅದೂ.

ಉಳಿದ ಹೊತ್ತು ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮೈದುನನ ತಪ್ಪಿಗಾಗಿ ಕಾಯುತ್ತಿದ್ದಳು. ಅವನ ಡ್ರೈವರ್ ಕಾರ್ಡು ಹೋಗಬೇಕು, ದೋಣಿಯಿಂದ ಅವನ ಬೆನ್ನು ತೊಲಗಬೇಕು. ಮೂರು ಸಲ ಪಾರ್ಕಿನ ಆಫೀಸಿಗೆ ಹೋಗಿ ದೂರು ಕೊಟ್ಟಿದ್ದಳು. ಹಾರ್ನ್ ಕೆಟ್ಟು ತಿಂಗಳಾಯಿತು. ಆಮೆ ಇರುವ ಕಡೆ ಜೋರಾಗಿ ಓಡಿಸುತ್ತಾನೆ. ಹಗ್ಗ ಸವೆದಿದೆ. ಅಲ್ಲಿನ ಅಧಿಕಾರಿ ಮೂರನೆಯ ಸಲ ಕನಿಕರದಿಂದ ಹೇಳಿದ್ದರು: "ಅಮ್ಮಾ, ಇವೆಲ್ಲ ಸಣ್ಣಪುಟ್ಟದ್ದು. ದೊಡ್ಡದೇನಾದ್ರೂ ಇದ್ರೆ ಬನ್ನಿ."

ಅವಳು ದೊಡ್ಡದಕ್ಕಾಗಿ ಕಾಯತೊಡಗಿದಳು.

ಆ ದಿನ ಹಗ್ಗದಜ್ಜ ಬರಲಿಲ್ಲ. ದವಡೆ ಹಲ್ಲು ಕೀಳಿಸಲು ಹೋಗುವವನು, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಜೆಟ್ಟಿಗೆ ಬಂದು ಹೇಳಿಹೋಗಿದ್ದ. "ಇವತ್ತೊಂದಿನ ನೀವೇ ಮಾತಾಡ್ಕೊಳ್ಳಿ. ಯಾರೂ ಸತ್ತು ಹೋಗಲ್ಲ." ಇಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತಾ ಕೇಳಿಸಿಕೊಂಡರು.

ಬಂದವರು ಒಂದು ಕನ್ನಡಕದ ಅಂಗಡಿಯವರು. ಮಾಲೀಕ ಮತ್ತು ಅವನ ಐವರು ನೌಕರರು, ಆರೂ ಜನ ಹೋದ ವರ್ಷವೇ ಡೈವಿಂಗ್ ಕಲಿತವರು. ಆರೂ ಜನರ ಮುಖದ ಮೇಲೆ ಒಂದಕ್ಕಿಂತ ಒಂದು ಮಿರಿಮಿರಿ ಮಿಂಚುವ ಕನ್ನಡಕ. ಗೈಡಕ್ಕ ಎಂದಿನಂತೆ ಕೇಳಿದಳು: "ಕನ್ನಡಕ ಇಲ್ಲದೆ ಕಾಣುತ್ತಾ? ಕಾಣದೋರಿಗೆ ನಂಬರ್ ಗಾಜಿನ ಮಾಸ್ಕ್ ಇದೆ, ಈಗಲೇ ಹೇಳಿ."

ಎಲ್ಲರ ಪರವಾಗಿ ಮಾಲೀಕನೇ ಉತ್ತರಿಸಿದ. ಅವನು ಎಲ್ಲದಕ್ಕೂ ಎಲ್ಲರ ಪರವಾಗಿ ಉತ್ತರಿಸುವ ಜಾತಿಯವನು. "ಎಲ್ಲಾರ್ಗೂ ಫಸ್ಟ್ ಕ್ಲಾಸಾಗಿ ಕಾಣುತ್ತೆ ಮೇಡಂ. ಇವೆಲ್ಲ ಬರೀ ಗಾಜು. ಅಂಗಡಿಯೋರು ಕನ್ನಡಕ ಹಾಕದಿದ್ರೆ ಗಿರಾಕಿ ಹಾಕ್ತಾನಾ?"

ಐವರ ಮಟ್ಟಿಗೆ ಅದು ನಿಜ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವ ತೆಳ್ಳಗಿನ ನೌಕರನೊಬ್ಬನದು ಮಾತ್ರ ನಿಜವಾದ ಸೋಡಾಬುಡ್ಡಿ. ಮಾಲೀಕ ಮಾತಾಡಿದ ಮೇಲೆ ಬಾಯಿ ಹಾಕಿ ಅಭ್ಯಾಸವಿಲ್ಲದ ಅವನು ಸುಮ್ಮನಿದ್ದ. ಆರೂ ಕನ್ನಡಕ ಟೀ ಟ್ರೇಯಲ್ಲಿ ಕೂತವು.

ಬೆಳಗಿನ ಡೈವ್ ಸುಸೂತ್ರವಾಗಿ ಮುಗಿಯಿತು. ಗಾಜು ಉಜ್ಜುವವನು ಗೆಳೆಯನೊಬ್ಬನ ಸಿಲಿಂಡರಿನ ಪಟ್ಟಿ ಹಿಡಿದುಕೊಂಡೇ ಈಜಿದ್ದನಂತೆ. ಎರಡನೆಯದರಲ್ಲೂ ಹಾಗೇ ಆಯಿತು. ತಳದಿಂದ ಪೀಪಾಯಿಯ ಹಗ್ಗ ಹಿಡಿದು ಆರೂ ಜನ ಅವಳ ಹಿಂದೆ ಮೇಲೆ ಬಂದರು. ನೀರಿನ ಮೇಲ್ಮೈಗೆ ಮೂರು ಆಳುದ್ದ ಇರುವಾಗ ಅಲ್ಲೇ ಮೂರು ನಿಮಿಷ ತಂಗಬೇಕು. ತಂಗಿದರು. ಅವಳು ಆರು ತಲೆ ಎಣಿಸಿದಳು, ಸರಿಯಿತ್ತು. ಹಾಗೇ ಮೇಲೆ ನೋಡಿದಳು.

ಪೀಪಾಯಿಗೂ ದೋಣಿಗೂ ನಡುವಿನ ಹಗ್ಗ ಸಡಿಲವಾಗಿ ಜೋತುಬಿದ್ದಿತ್ತು. ದೋಣಿ ಮೂತಿ ತಿರುಗಿಸಿಕೊಂಡು ಅಡ್ಡಡ್ಡ ಹೋಗುತ್ತಿತ್ತು. ಅಜ್ಜ ಇಲ್ಲದ್ದರಿಂದ ಇವತ್ತು ಗಂಟು ಹಾಕಿದವನು ಮೈದುನ.

ಸಿಕ್ಕಿಬಿದ್ದ, ಎಂದುಕೊಂಡಳು. ಎಂಟು ವರ್ಷದಲ್ಲಿ ಮೊದಲ ಸಲ ಆ ನೀರಿನೊಳಗೆ ಅವಳಿಗೆ ಮೈದುನ ನೆನಪಾದ, ಮತ್ತು ಕುಣಿಯುವಷ್ಟು ಸಂತೋಷವಾಯಿತು. ಗಂಟು ಬಿಚ್ಚಿಹೋಗಿ ದೋಣಿ ತೇಲಿಹೋಗುವುದೆಂದರೆ ಸಣ್ಣಪುಟ್ಟದ್ದಲ್ಲ. ಅವನು ಸರಿಮಾಡುವ ಮೊದಲೇ ಕಣ್ಣಾರೆ ಕಾಣಬೇಕು. ಹಗ್ಗ ಹಿಡಿದುಕೊಂಡಿರಿ, ಮೂರು ನಿಮಿಷವಾದ ಮೇಲೆ ಬನ್ನಿ ಎಂದು ಪ್ರವಾಸಿಗರಿಗೆ ಕೈಸನ್ನೆ ಮಾಡಿ, ಎಲ್ಲರಿಗಿಂತ ಕೊನೆಗೆ ಏಳಬೇಕಾದವಳು ಎಲ್ಲರಿಗಿಂತ ಮೊದಲು ಎದ್ದಳು.

ನೀರು ಸುರಿಸಿಕೊಂಡೇ ದೋಣಿಯ ಮುಂತುದಿಗೆ ಓಡಿದಳು. ಗಂಟು ಕಲ್ಲಿನ ಹಾಗಿತ್ತು. ನೀರಿನ ಸೆಳೆತ ದಿಕ್ಕು ಬದಲಿಸಿದ್ದರಿಂದ ದೋಣಿ ತಿರುಗಿತ್ತು, ಅಷ್ಟೇ. ಅವಳಿಗೆ ಅಳು ಬರುವಂತಾಯಿತು. ಬರಿಗೈಲಿ ವಾಪಸ್ಸು ಹೋಗಲು ಮನಸ್ಸಾಗದೆ, ಅವನಿಗೆ ಕಾಣುವ ಹಾಗೆ ಆ ಒಳ್ಳೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿದಳು. ಬಿಗಿಯುವಾಗ ಹಲ್ಲು ಕಡಿಯುತ್ತಿದ್ದಳು. ಅವನು ದೋಣಿ ಪೀಪಾಯಿಗೆ ಬಡಿಯದ ಹಾಗೆ ಚಕ್ರ ಹಿಡಿದು ಮುಂದೆಯೇ ನೋಡುತ್ತಿದ್ದ.

ಅಷ್ಟರಲ್ಲಿ ಹಿಂದುಗಡೆ ಪ್ರವಾಸಿಗರು ಏಣಿ ಹತ್ತಿದ್ದರು. ಮೊದಲು ಬಂದ ಮಾಲೀಕ ಉಳಿದವರನ್ನು ಕೈಹಿಡಿದು ಎಳೆದುಕೊಂಡ. ಆಮೇಲೆ, ಯಾರೂ ಮರೆಯಬಾರದೆಂಬ ಜವಾಬ್ದಾರಿಯಿಂದ, ಆರೂ ಬಿಲ್ಲೆಗಳನ್ನು ತಾನೇ ಬಿಳಿಯ ಕಡೆಗೆ ಹಾಕಿದ.

ಗೈಡಕ್ಕ ಬಂದು ಹಲಗೆ ನೋಡಿದಳು. ಆರೂ ಬಿಳಿ. ಬೆಂಚಿನ ಮೇಲೆ ನಾಲ್ವರು ಮೈ ಒರೆಸಿಕೊಳ್ಳುತ್ತಿದ್ದರು, ಮಾಲೀಕ ಏಣಿಯ ಹತ್ತಿರ ನಿಂತಿದ್ದ, ಶೌಚದ ಬಾಗಿಲು ಮುಚ್ಚಿತ್ತು, ಇನ್ನೊಬ್ಬ ಒಳಗಿರಬೇಕು ಎಂದುಕೊಂಡಳು. ಈಗ ಸಂಖ್ಯೆ ಹೇಳಬೇಕು. "ಆರು" ಎಂಬ ಮಾತು ಗಂಟಲಿಗೆ ಬಂತು. ಅಜ್ಜನಿಲ್ಲ. ಹೇಳಿದರೆ ಅವನಿಗೇ ಹೇಳಿದಂತಾಗುತ್ತದೆ. ಎಂಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಆರಕ್ಕಾಗಿ ಮುರಿಯುವುದೇ? ಅವಳು ಹಲಗೆಯನ್ನೇ ಕೊಕ್ಕೆಯಿಂದ ತೆಗೆದು, ಡ್ರೈವರನ ಕಿಟಕಿಗೆ ಎತ್ತಿ ಹಿಡಿದಳು.

ಅವನು ಹಲಗೆ ನೋಡಿದ. ಅವಳನ್ನು ನೋಡಿದ. ಒಂದು ಗಳಿಗೆ ಕಾದ. ಅವಳು ಮುಖ ತಿರುಗಿಸಿದಳು. "ಆರು," ಎಂದು ಅವನು ತನಗೆ ತಾನೇ ಹೇಳಿಕೊಂಡು ಕೀಲಿ ತಿರುಗಿಸಿದ.

ಇಪ್ಪತ್ತೈದು ನಿಮಿಷದ ಮೇಲೆ ಟೀ ಕೊಟ್ಟಳು. ಎಲ್ಲರೂ ಟ್ರೇಯಿಂದ ಕನ್ನಡಕ ಎತ್ತಿಕೊಂಡರು. ಒಂದು ಉಳಿಯಿತು.

"ಯಾರದ್ರಪ್ಪಾ ಈ ಸೋಡಾಬುಡ್ಡಿ?" ಎಂದು ಮಾಲೀಕ ನಕ್ಕ. ಯಾರೂ ಕೈಚಾಚಲಿಲ್ಲ. ನೌಕರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಎದ್ದು ಶೌಚದ ಬಾಗಿಲು ತಳ್ಳಿದ. ಅದಕ್ಕೆ ಅಗುಳಿಯೇ ಹಾಕಿರಲಿಲ್ಲ. ಒಳಗೆ ಒದ್ದೆ ಟವೆಲ್ ನೇತಾಡುತ್ತಿತ್ತು.

ಗೈಡಕ್ಕ ಆ ಕನ್ನಡಕ ಎತ್ತಿಕೊಂಡು ಡ್ರೈವರನ ಬಾಗಿಲಿಗೆ ಹೋದಳು. ಆಗಲೂ ಬಾಯಿ ಬಿಡಲಿಲ್ಲ. ಬಿಡಬೇಕೆಂದುಕೊಂಡಳೋ, ಬರಲಿಲ್ಲವೋ, ಆಮೇಲೆ ಅವಳಿಗೇ ತಿಳಿಯಲಿಲ್ಲ. ಕನ್ನಡಕವನ್ನು ಅವನ ಮುಖದ ಮುಂದೆ ಹಿಡಿದಳು. ಅವನಿಗೆ ಅಷ್ಟೇ ಸಾಕಾಯಿತು. ದೋಣಿ ತಿರುಗಿದ ರಭಸಕ್ಕೆ ಟೀ ಲೋಟಗಳು ಉರುಳಿದವು.

ಅವನು ಪೀಪಾಯಿಯ ಕಡೆಗೆ ಹೋಗಲಿಲ್ಲ, ಅದನ್ನು ಬಲಕ್ಕೆ ಬಿಟ್ಟು ತೆರೆದ ಸಮುದ್ರದ ಕಡೆಗೆ ಹೊರಟ. ಅವಳು ಕಿಟಕಿ ಗಾಜು ಬಡಿದು ಪೀಪಾಯಿಯ ಕಡೆ ಬೆರಳು ಮಾಡಿದಳು. ಅವನು ತಲೆಯಲ್ಲಾಡಿಸಿ ನೀರಿನ ಮೇಲೆ ಹರಿಯುತ್ತಿದ್ದ ನೊರೆಯ ಗೆರೆ ತೋರಿಸಿದ. ಸೆಳೆತ ಆ ಕಡೆಗಿತ್ತು. ಅವನು ತೋರಿಸಿದ್ದು ಸರಿಯೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಅದಕ್ಕಾಗಿಯೂ ಅವನ ಮೇಲೆ ಸಿಟ್ಟು ಬಂತು.

ಡ್ರೈವರನ ಕೋಣೆಯ ಛಾವಣಿ ಹತ್ತಿ ನಿಂತು ಅವಳು ಮೈಯೆಲ್ಲ ಕಣ್ಣಾಗಿ ನೋಡಿದಳು. ಅರ್ಧ ಗಂಟೆ ಏನೂ ಕಾಣಲಿಲ್ಲ. ಸತ್ತಿದ್ದರೆ? ಹೆಂಡತಿ ಇರಬಹುದು, ಮಕ್ಕಳಿರಬಹುದು, ಹೆಸರು ಕೂಡ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಹೊತ್ತಿನಲ್ಲೇ, ಬೇಡವೆಂದರೂ, ಇನ್ನೊಂದು ಯೋಚನೆ ನುಸುಳಿತು. ಕೀಲಿ ತಿರುಗಿಸಿದವನು ಅವನು. ದೊಡ್ಡದೇನಾದರೂ ಇದ್ದರೆ ಬನ್ನಿ ಎಂದಿದ್ದರಲ್ಲ. ಒಬ್ಬ ಮನುಷ್ಯ ನೀರಿನಲ್ಲಿ ಸಾಯುತ್ತಿರಬಹುದಾದ ಹೊತ್ತಿನಲ್ಲಿ ತನಗೆ ಇದು ಹೊಳೆಯಿತಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಯೋಚನೆ ಹೋಗಲಿಲ್ಲ.

ಸೀಟಿಯ ಸದ್ದು ಮೊದಲು ಕೇಳಿಸಿದ್ದು ಮೈದುನನಿಗೆ. ಇಂಜಿನ್ ನಿಲ್ಲಿಸಿದ. ಗಾಳಿ ತುಂಬಿದ ಜಾಕೆಟ್ಟಿನಲ್ಲಿ ಗದ್ದದವರೆಗೆ ಮುಳುಗಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು, ದೋಣಿಗೆ ಬೆನ್ನು ಹಾಕಿ, ಯಾವ ದಿಕ್ಕಿಗೆ ಊದುತ್ತಿದ್ದೇನೆಂದೂ ತಿಳಿಯದೆ ಗಾಜು ಉಜ್ಜುವವನು ಊದುತ್ತಲೇ ಇದ್ದ. ಮಾಸ್ಕಿಗೆ ನೀರು ನುಗ್ಗಿತೆಂದು ಹಗ್ಗದಿಂದ ಕೈ ತೆಗೆದಿದ್ದನಂತೆ. ಆಮೇಲೆ ಹಗ್ಗವೂ ಕಾಣಲಿಲ್ಲ, ಜನರೂ ಕಾಣಲಿಲ್ಲ.

ಎತ್ತಿ ಮಲಗಿಸಿದ ಮೇಲೆ ಅವನು ಕೇಳಿದ ಮೊದಲ ಮಾತು, "ನನ್ನ ಕನ್ನಡಕ ಇದೆಯಾ?"

ಗೈಡಕ್ಕ ತಾನೇ ಅದನ್ನು ಅವನ ಮೂಗಿನ ಮೇಲೆ ಕೂರಿಸಿದಳು. ಅವನು ಸುತ್ತಲಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ತುಟಿ ಅಲ್ಲಾಡುತ್ತಿದ್ದವು, ಎಣಿಸುತ್ತಿದ್ದ. "ಸದ್ಯ, ಎಲ್ಲಾರೂ ಬಂದಿದ್ದೀರಲ್ಲ. ನಿಮಗೇ ಏನೋ ಆಯ್ತು ಅಂತ ಭಯ ಆಗಿತ್ತು," ಎಂದ. ಅವಳು ದೋಣಿಯ ಹಿಂದುಗಡೆಗೆ ಹೋಗಿ ಅಜ್ಜನ ಬಕೆಟ್ಟಿಗೆ ವಾಂತಿ ಮಾಡಿದಳು.

ಮಾಲೀಕ ದಡ ಮುಟ್ಟುವವರೆಗೂ ಕೂಗಾಡಿದ, ದಡ ಮುಟ್ಟಿದ ಮೇಲೆ ದೂರು ಬರೆದುಕೊಟ್ಟ. ಬಿಲ್ಲೆ ಹಾಕಿದವನು ತಾನೇ ಎಂಬುದನ್ನು ಬರೆಯಲು ಮರೆತ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅತ್ತಿಗೆ ಮೈದುನ ಇಬ್ಬರೂ ಪಾರ್ಕಿನ ಆಫೀಸಿನಲ್ಲಿದ್ದರು. ಗೋಡೆಯ ಮೇಲೆ ಬಣ್ಣ ಮಾಸಿದ ಮೀನುಗಳ ಪಟ, ಕಿರಿಗುಟ್ಟುವ ಫ್ಯಾನು, ಮೇಜಿನ ಮೇಲೆ ಎರಡು ಕಾರ್ಡು. ಒಂದು ಅವಳದು, ಒಂದು ಅವನದು. ಅಧಿಕಾರಿಗೆ ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಕಾಗದ ಓದಿದರು.

"ಮನುಷ್ಯನ್ನ ನೀರಲ್ಲಿ ಬಿಟ್ಟು ಬಂದ್ರೆ ಕಾರ್ಡು ಖಾಯಂ ರದ್ದು, ನಿಮಗೇ ಗೊತ್ತು. ಇಬ್ಬರಲ್ಲಿ ಯಾರ ತಪ್ಪು ಅನ್ನೋದಷ್ಟೇ ನಾನು ಬರೀಬೇಕು. ಸಂಖ್ಯೆ ಬಾಯಲ್ಲಿ ಹೇಳಿದ್ರಾ, ಇಲ್ವಾ?"

ಅವಳು ಬಾಯಿ ತೆರೆಯುವ ಮೊದಲೇ ಮೈದುನ ಎದ್ದು ನಿಂತ. ಆಗ ಅವಳು ಗಮನಿಸಿದಳು. ಅವನು ನುಣ್ಣಗೆ ಗಡ್ಡ ಬೋಳಿಸಿಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಹೇಳಿದ್ರು ಸಾರ್. ಒಬ್ರು ಬಂದಿಲ್ಲ, ಇಂಜಿನ್ ಹಾಕಬೇಡ ಅಂತ ಅತ್ತಿಗೆ ಸ್ಪಷ್ಟವಾಗಿ ಹೇಳಿದ್ರು. ನಾನೇ ಲೆಕ್ಕಿಸಲಿಲ್ಲ. ಮನೆಗೆ ಹೋಗೋ ಆತುರ. ತಪ್ಪೆಲ್ಲ ನಂದೇ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಹೌದೇನಮ್ಮಾ?"

ಎಂಟು ವರ್ಷ ಕಾದದ್ದು ಮೇಜಿನ ಮೇಲಿತ್ತು. ಕೈ ಚಾಚುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹೊಸದೇ? ಅವನ ಕಾರ್ಡು ಹೋಗುತ್ತದೆ, ನಾಳೆಯಿಂದ ಬಾಡಿಗೆ ಡ್ರೈವರು, ಆ ಬೆನ್ನು ಇನ್ನು ಕಾಣುವುದಿಲ್ಲ. ಅವಳ ಕಾರ್ಡು ಉಳಿಯುತ್ತದೆ, ಇನ್ನೂ ಹತ್ತು ಹನ್ನೆರಡು ವರ್ಷ ಆ ತಣ್ಣಗಿನ ನೀರು ಉಳಿಯುತ್ತದೆ. ಅವನು ಅವಳ ಕಡೆ ನೋಡುತ್ತಿರಲಿಲ್ಲ. ಮುಖದಲ್ಲಿ ಒಂದು ಬಗೆಯ ನೆಮ್ಮದಿಯಿತ್ತು, ಹೊತ್ತುಕೊಂಡು ಬಂದ ಮೂಟೆಯನ್ನು ಇಳಿಸಲು ಜಾಗ ಸಿಕ್ಕವನ ಹಾಗೆ. ಆ ನೆಮ್ಮದಿ ಕಂಡಿದ್ದೇ ತಡ ಅವಳ ಮೈ ಹೊತ್ತಿಕೊಂಡಿತು. ಇವನು ಇವತ್ತು ಮನೆಗೆ ಹೋಗಿ ಅಣ್ಣನ ಎದುರು ತಲೆಯೆತ್ತಿ ಕೂರುತ್ತಾನೆ. ಅಣ್ಣನ ಕಾಲಿಗೆ ನನ್ನ ಕಾರ್ಡು ಕೊಟ್ಟೆ, ಸರಿಹೋಯಿತು ಎಂದುಕೊಳ್ಳುತ್ತಾನೆ. ಅಂಗಿಗೆ ಇಸ್ತ್ರಿ ಮಾಡಿಕೊಂಡು ಬಂದಿದ್ದಾನೆ, ಅದಕ್ಕೆ!

"ಏಯ್! ಮುಚ್ಚು ಬಾಯಿ!" ಎಂದಳು.

ಅಧಿಕಾರಿಯ ಕೈಯಿಂದ ಪೆನ್ನು ಜಾರಿತು. ಎಂಟು ವರ್ಷದಲ್ಲಿ ಅವಳು ಮೈದುನನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಯಾರು ಕೇಳಿದ್ರು ನಿನ್ನ ಹತ್ರ ಭಿಕ್ಷೆ? ಸುಳ್ಳು ಬೊಗಳ್ತಾನೆ ಸಾರ್, ಬರ್ಕೋಬೇಡಿ. ನಾನು ಸಂಖ್ಯೆ ಹೇಳೇ ಇಲ್ಲ. ಎಣಿಸ್ಲೂ ಇಲ್ಲ. ಇವನು ಹಾಕಿದ ಗಂಟು ಬಿಚ್ಕೊಂಡಿದೆ ಅಂತ ಕುಣ್ಕೊಂಡು ಎಲ್ಲರಿಗಿಂತ ಮೊದಲು ಮೇಲೆ ಬಂದೆ. ಗಂಟು ಸರಿಯಾಗೇ ಇತ್ತು. ಬಿಲ್ಲೆ ಹಾಕಿದ್ದು ಆ ಕನ್ನಡಕದಂಗ್ಡಿ ಮಾಲೀಕ, ಅದನ್ನೇ ನಂಬಿ ಹಲಗೆ ತೋರಿಸಿದೆ. ಆ ಮನುಷ್ಯ ಬದುಕಿದ್ದು ಇವನಿಂದ. ನನ್ನ ಮಾತು ಕೇಳಿದ್ದಿದ್ರೆ ಪೀಪಾಯಿ ಹತ್ರ ಹುಡುಕ್ತಾ ಇರ್ತಿದ್ವಿ."

"ಅಲ್ಲಮ್ಮಾ, ಇವರ ಮೇಲೆ ಮೂರು ಸಲ ದೂರು ಕೊಟ್ಟೋರು ನೀವೇ ಅಲ್ವಾ?"

"ಅದೂ ನಿಜ, ಇದೂ ನಿಜ. ಇವನು ಕೆಲಸಕ್ಕೆ ಬಾರದೋನು. ಆದ್ರೆ ಇದರಲ್ಲಿ ತಪ್ಪು ನಂದು."

"ಅತ್ತಿಗೇ, ನೀವು ಸುಮ್ನಿರಿ," ಎಂದ ಮೈದುನ.

"ನೀನು ಸುಮ್ನಿರು!"

ಅಧಿಕಾರಿ ಬಗ್ಗಿ ಪೆನ್ನು ಎತ್ತಿಕೊಂಡರು. ಬರೆದರು. ಸಂಖ್ಯೆ ಕೇಳದೆ ಇಂಜಿನ್ ಹಾಕಿದ್ದಕ್ಕೆ ಡ್ರೈವರಿಗೆ ಒಂದು ಲಿಖಿತ ಎಚ್ಚರಿಕೆ. ಗೈಡಿನ ಕಾರ್ಡನ್ನು ಡ್ರಾಯರಿನಿಂದ ಕತ್ತರಿ ತೆಗೆದು ಎರಡು ತುಂಡು ಮಾಡಿದರು. ಪ್ಲಾಸ್ಟಿಕ್ ಗಟ್ಟಿಯಿದ್ದುದರಿಂದ ಎರಡು ಸಲ ಒತ್ತಬೇಕಾಯಿತು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಇನ್ನು ತಗಡಿನ ಶೆಡ್ಡು, ಗಾಳಿ ಯಂತ್ರದ ಆರ್ಭಟ, ದಡ. ಸಮುದ್ರದ ಒಳಗಿನ ಆ ಮುಕ್ಕಾಲು ಗಂಟೆ ಅವಳ ಪಾಲಿಗೆ ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಸರಸರ ಇಳಿಯುತ್ತಿದ್ದಳು.

"ಅತ್ತಿಗೇ," ಎಂದ ಹಿಂದಿನಿಂದ. ಅವಳು ತಿರುಗದೆ ನಿಂತಳು.

"ಅಣ್ಣ ಬೈದಿದ್ರೆ ಚೆನ್ನಾಗಿತ್ತು, ಅವನು ಬೈಯಲಿಲ್ಲ. ಎಂಟು ವರ್ಷದಿಂದ ಅವನ ಪಕ್ಕ ಕೂತು ಊಟ ಮಾಡಿದ್ದು ಒಂದು ತುತ್ತೂ ಮೈಗೆ ಹತ್ತಿಲ್ಲ. ಇವತ್ತೊಂದಿನ ತೀರಿಸಿಬಿಡ್ತೀನಿ ಅಂತ ಬಂದಿದ್ದೆ. ನೀವು ಸುಮ್ನಿದ್ದಿದ್ರೆ ಸಾಕಿತ್ತು." ಅವನು ಒಂದು ಮೆಟ್ಟಿಲು ಇಳಿದ. "ನೀರು ಬಿಟ್ರೆ ನಿಮಗೇನೂ ಇಲ್ಲ ಅಂತ ನಂಗೊತ್ತು. ಅದನ್ನೂ ಕಳ್ಕೊಂಡ್ರಿ. ತೀರಿಸೋಕೆ ಬಿಡಬಹುದಿತ್ತಲ್ಲ ಅತ್ತಿಗೇ."

ಅವಳು ತಿರುಗಿ, ಎಂಟು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಗೊತ್ತಾಯ್ತು ನಂಗೆ," ಎಂದಳು. "ಅದಕ್ಕೇ ಬಿಡಲಿಲ್ಲ."

ಅವನು ಇಸ್ತ್ರಿ ಅಂಗಿಯಲ್ಲೇ ಆ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳು ಮನೆಯ ಕಡೆ ನಡೆದಳು.